ಬೀಜಕ್ಕೆ ಬಿಟ್ಟ ಸಾಲು

ನಮ್ಮವ್ವನಿಗೆ ಕೋಪ ಬಂದರೆ ಅಪ್ಪನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಡುವೆ ಒಬ್ಬರು ಬೇಕು. ಮನೆಯಲ್ಲಿ ಯಾರೂ ಸಿಗದಿದ್ದರೆ ತುಮಕೂರಿನಲ್ಲಿರುವ ನನಗೆ ಫೋನ್ ಮಾಡಿ, ಪಕ್ಕದಲ್ಲೇ ಕೂತ ಅಪ್ಪನಿಗೆ ಕೇಳುವಷ್ಟು ಜೋರಾಗಿ "ನಿಮ್ಮಪ್ಪುಂಗೆ ಹೇಳವ್ವ" ಎಂದು ಶುರು ಮಾಡುತ್ತಾಳೆ. ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ಯಾರದೋ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿರುವಾಗಲೇ ಈ ಫೋನು ಬರಬೇಕು. ಮಳೆ ಕೈಕೊಟ್ಟ ಆ ವರ್ಷ, ದೀಪಾವಳಿ ಕಳೆದ ಮೇಲೆ ಬಂದದ್ದೂ ಅಂಥದ್ದೇ ಫೋನು.

"ನಿಮ್ಮಪ್ಪುಂಗೆ ಹೇಳವ್ವ, ಅವರೆ ಗಿಡುಕ್ಕೆ ಕದ್ದು ನೀರ್ ಉಯ್ಯೋದ್ ನಿಲ್ಸು ಅಂತ."

ಹಿಂದಿನಿಂದ ಅಪ್ಪನ ದನಿ ಕೇಳಿಸಿತು. "ಕದ್ದಿಲ್ಲ ಕಣವ್ವ, ನಮ್ದೇ ನೀರು."

"ನೀರ್ ನಮ್ದೇಯ, ಗಿಡ ಮಾತ್ರ ನನ್ದು ಅಂತ ಹೇಳು ನಿಮ್ಮಪ್ಪುಂಗೆ."

ಫೋನು ಸ್ಪೀಕರಿನಲ್ಲಿತ್ತು. ತೋಳು ಚಾಚಿಕೊಂಡು ಕೂತಿದ್ದ ಹೆಂಗಸು ಸೂಜಿಯ ಭಯ ಮರೆತು ನಗುತ್ತಿದ್ದರು. ಭಾನುವಾರ ಬಂದು ಪಂಚಾಯ್ತಿ ಮಾಡುತ್ತೇನೆ ಎಂದು ಹೇಳಿ ಫೋನಿಟ್ಟೆ.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಕೆರೆಯಿಂದ ಸ್ವಲ್ಪ ಆಚೆ. ಕೆರೆ ದೊಡ್ಡದೇ. ಆದರೆ ನಮ್ಮ ಹೊಲ ಅದಕ್ಕಿಂತ ಎತ್ತರದಲ್ಲಿರುವುದರಿಂದ ಕೆರೆ ತುಂಬಿದರೂ ನಮಗೆ ನೋಡುವ ಭಾಗ್ಯ ಮಾತ್ರ. ಮನೆಯ ಹಿಂದೆ ಒಂದಿಷ್ಟು ತೆಂಗು, ಅದಕ್ಕೊಂದು ಬೋರು. ತೋಟದ ಬೇಲಿ ದಾಟಿದರೆ ಕೆಂಪು ಮಣ್ಣಿನ ಹೊಲ, ಅದಕ್ಕೆ ಮಳೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಅಲ್ಲಿ ರಾಗಿ ಹಾಕುತ್ತೇವೆ. ರಾಗಿ ಅಂದರೆ ಬರೀ ರಾಗಿಯಲ್ಲ, ನಡುನಡುವೆ ಅಕ್ಕಡಿ ಸಾಲುಗಳಿರುತ್ತವೆ. ಅವುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮಳೆ ಒಂದಕ್ಕೆ ಆಗದಿದ್ದರೆ ಇನ್ನೊಂದಕ್ಕಾದರೂ ಆಗಲಿ ಎಂದು ಹಿಂದಿನವರು ಮಾಡಿಕೊಂಡ ಏರ್ಪಾಡು. ನಮ್ಮ ಮನೆಯಲ್ಲಿ ರಾಗಿ ಅಪ್ಪನದು, ಅಕ್ಕಡಿ ಅವ್ವನದು. ಬಿತ್ತುವ ದಿನ ಟ್ರ್ಯಾಕ್ಟರು ಮುಂದೆ ಹೋದರೆ, ಅವ್ವ ಮಡಿಲಲ್ಲಿ ಅವರೆ ಬೀಜ ಕಟ್ಟಿಕೊಂಡು, ನಿಧಾನಕ್ಕೆ ಓಡಿಸಪ್ಪ ಎಂದು ಡ್ರೈವರನ್ನು ಬೈಯುತ್ತಾ, ಹಿಂದೆ ಕಾಳು ಬಿಡುತ್ತಾ ನಡೆಯುತ್ತಾಳೆ.

ಆ ಅವರೆ ಅವಳು ಮದುವೆಯಾಗಿ ಬರುವಾಗ ತಂದದ್ದು. ಮಡಿಲು ತುಂಬುವಾಗ ನಮ್ಮಜ್ಜಿ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಒಂದು ಗಂಟು ಅವರೆ ಬೀಜವನ್ನೂ ಹಾಕಿ ಕಳಿಸಿದ್ದಳಂತೆ. "ನಮ್ಮಪ್ಪನ್ ಮನೇಲಿ ಚಿನ್ನ ಇರ್ಲಿಲ್ಲ ಕಣವ್ವ, ಅವರೆ ಇತ್ತು" ಎಂದು ಅವ್ವ ಈಗಲೂ ಜಂಬ ಕೊಚ್ಚಿಕೊಳ್ಳುತ್ತಾಳೆ. ಆ ಜಂಬ ಸುಮ್ಮನೆ ಬಂದದ್ದಲ್ಲ. ಆ ಕಾಯಿ ಬಿಡಿಸಿದರೆ ಸಿಪ್ಪೆಯ ಎಣ್ಣೆ ಬೆರಳಿಗೆ ಅಂಟಿಕೊಂಡು, ಸೋಪು ಹಾಕಿ ತೊಳೆದರೂ ಸೊಗಡು ಹೋಗುತ್ತಿರಲಿಲ್ಲ. ಚಿಕ್ಕವರಿದ್ದಾಗ ನಾನು, ನನ್ನ ತಂಗಿ ಇಬ್ಬರೂ ಸ್ಕೂಲಿನಲ್ಲಿ ಪಾಠ ಕೇಳುವುದು ಬಿಟ್ಟು ಬೆರಳು ಮೂಸಿಕೊಂಡು ಕೂರುತ್ತಿದ್ದೆವು.

ಪ್ರತಿ ವರ್ಷ ಚೆನ್ನಾಗಿ ಬಂದ ಸಾಲೊಂದನ್ನು ಅವ್ವ ಬೀಜಕ್ಕೆ ಬಿಡುತ್ತಿದ್ದಳು. ಆ ಸಾಲಿನ ಕಾಯಿಗೆ ಯಾರೂ ಕೈ ಹಾಕುವ ಹಾಗಿಲ್ಲ, ಮನೆಗೆ ಎಂಥ ನೆಂಟರು ಬಂದರೂ ಸರಿ. ಒಣಗಿದ ಮೇಲೆ ಬೇರೆಯಾಗಿ ಬಡಿದು, ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ, ಮಡಕೆಗೆ ತುಂಬಿ, ಮೇಲೆ ಬೂದಿ ಹಾಕಿ ಬಾಯಿ ಮುಚ್ಚುತ್ತಿದ್ದಳು. ಊರಿನಲ್ಲಿ ಕೇಳಿದವರಿಗೆಲ್ಲ ಕೊಟ್ಟಿದ್ದಳು ಕೂಡ. ಆದರೆ ಅಂಗಡಿಯಲ್ಲಿ ಗಿಡ್ಡ ತಳಿಯ ಬೀಜ ಬಂದ ಮೇಲೆ, ವರ್ಷವಿಡೀ ಕಾಯಿ ಬಿಡುತ್ತದೆ ಎಂದು ಒಬ್ಬೊಬ್ಬರಾಗಿ ಅದಕ್ಕೆ ಹೋದರು. ಚಳಿ ಬೀಳುವವರೆಗೂ ಹೂವೇ ಬಿಡದ ನಮ್ಮ ಅವರೆಯ ಠೀವಿ ಯಾರಿಗೆ ಬೇಕು? ಕೊನೆಗೆ ಆ ಬೀಜ ಉಳಿದದ್ದು ನಮ್ಮ ಮನೆಯ ಮಡಕೆಯಲ್ಲಿ ಮಾತ್ರ.

ನಾನು ಹೇಳುತ್ತಿರುವ ವರ್ಷಕ್ಕೆ ಹಿಂದಿನ ವರ್ಷ ಕಣದಲ್ಲಿ ಕಾಳು ಹರಡಿದ್ದಾಗ ಅಕಾಲದ ಮಳೆ ಹೊಡೆಯಿತು. ನೆನೆದ ಬೀಜ ಎಷ್ಟು ಒಣಗಿಸಿದರೂ ಬೂಸಲು ಹಿಡಿಯಿತು. ಆರಿಸಿ ಆರಿಸಿ ಒಂದು ಹಿಡಿ ಉಳಿಯಿತು. ಮಳೆ ಕೈಕೊಟ್ಟ ಆ ವರ್ಷ ಅದನ್ನೇ ಬಿತ್ತಿದ್ದಳು, ಹೊಲದ ಒಂದು ಅಂಚಿನಲ್ಲಿ, ಒಂದೇ ಸಾಲು. ಬಿತ್ತಿದ್ದರಲ್ಲಿ ಅರ್ಧ ಮೊಳಕೆಯಲ್ಲೇ ಒಣಗಿತು. ಮಿಕ್ಕ ಗಿಡಗಳು ಕಾಯಿ ಕಟ್ಟಿ ಬೀಜವಾದರೆ ತಳಿ ಉಳಿದಂತೆ. ಇಲ್ಲವಾದರೆ ಅಜ್ಜಿಯ ಗಂಟು ಅಲ್ಲಿಗೆ ಮುಗಿದಂತೆ. ಅಪ್ಪ ಕದ್ದು ನೀರು ಹಾಕುತ್ತಿದ್ದದ್ದು ಈ ಸಾಲಿಗೆ.

ಭಾನುವಾರ ಹೋದೆ. ಅಪ್ಪ ಟಿವಿಎಸ್ ತಂದು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ. ದಾರಿಯುದ್ದಕ್ಕೂ ತನ್ನ ಕಡೆಯ ವಾದ ಮಂಡಿಸಿದ. "ಮಧ್ಯಾನ ಅವು ತಲೆ ಬಗ್ಗಿಸ್ಕಂಡ್ ನಿಂತ್ರೆ ನಂಗೆ ಊಟ ಸೇರಲ್ಲ ಕಣವ್ವ. ತೆಂಗಿಗ್ ಬಿಡೋ ನೀರಲ್ಲಿ ಎಲ್ಡ್ ಬಿಂದಿಗೆ ತಗಂಡ್ರೆ ಏನ್ ಗಂಟೋಯ್ತದೆ?"

ನಮ್ಮಪ್ಪ ಅಂಥವನೇ. ಕರುವಿಗೆ ಮೂಗುದಾರ ಹಾಕುವ ದಿನ ಬೇಕೆಂದೇ ನಿಟ್ಟೂರಿನ ಸಂತೆಗೆ ಹೋಗುವವನು. ಅವನಿಗೆ ಒಂದು ಗಿಡ ಬಾಡುವುದನ್ನು ಸುಮ್ಮನೆ ನೋಡಿಕೊಂಡಿರು ಎಂದರೆ ಆಗುವುದೇ?

ಹೊಲಕ್ಕೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ರಾಗಿ ಆ ವರ್ಷ ಎಲ್ಲರನ್ನೂ ಆಟ ಆಡಿಸಿತ್ತು. ಮಳೆ ನಿಂತಾಗ ಎಲೆಗಳನ್ನು ಸುರುಳಿ ಸುತ್ತಿಕೊಂಡು, ಬೆಳೆಯುವುದನ್ನೇ ಬಿಟ್ಟು, ಸತ್ತ ಹಾಗೆ ನಿಂತುಬಿಟ್ಟಿತ್ತು. ಅದರ ಕಥೆ ಮುಗಿಯಿತು, ದನಕ್ಕೆ ಕುಯ್ದು ಹಾಕೋಣ ಎಂದು ಅಪ್ಪ ಕುಡುಗೋಲು ಮಸೆಯುವ ಹೊತ್ತಿಗೆ, ದಸರೆಯಲ್ಲಿ ಒಂದೇ ಒಂದು ಹದ ಮಳೆ ಬಿತ್ತು. ಮಲಗಿದ್ದವರು ಎದ್ದು ಕೂತ ಹಾಗೆ ಎದ್ದು, ಗಿಡ್ಡ ಗಿಡ್ಡ ತೆನೆ ಬಿಟ್ಟಿತು. ಮನೆಗೆ ಸಾಲುವಷ್ಟಿತ್ತು.

ಅವ್ವ ಸೆರಗನ್ನು ತಲೆಗೆ ಹೊದ್ದು ಅವರೆ ಸಾಲಿನ ಹತ್ತಿರ ನಿಂತಿದ್ದಳು. ಸಾಲಿನ ಒಂದು ತುದಿಯ ಗಿಡಗಳು ಸೊಂಪಾಗಿ, ಅಗಲ ಎಲೆ ಬಿಟ್ಟುಕೊಂಡು, ನೋಡಿದರೆ ಯಾರಾದರೂ ಇದೇ ಚೆಂದ ಎನ್ನಬೇಕು, ಹಾಗಿದ್ದವು. ಅದು ಅಪ್ಪನ ತುದಿ. ಉಳಿದದ್ದೆಲ್ಲ ಕುಳ್ಳಗೆ, ಒರಟಾಗಿತ್ತು. ಆದರೆ ಆ ಬಿಸಿಲಿನಲ್ಲಿ ಅಪ್ಪನ ಗಿಡಗಳು ಎಲೆ ಜೋಲು ಹಾಕಿ ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತಿದ್ದವು. ಅವ್ವನವು ಎಲೆಗಳನ್ನು ಮೇಲಕ್ಕೆ ಮಡಚಿಕೊಂಡು, ಅಂಚನ್ನು ಮಾತ್ರ ಸೂರ್ಯನಿಗೆ ತೋರಿಸಿ ಗಟ್ಟಿಯಾಗಿ ನಿಂತಿದ್ದವು.

"ನೋಡವ್ವ ಚೆಂದಾಗಿ" ಎಂದಳು ಅವ್ವ. "ಮೇಲ್ ಮೇಲೆ ನೀರ್ ಉಯ್ದ್ರೆ ಬೇರು ಮೇಲೇ ಉಳ್ಕಂತದೆ. ಕೆಳಗ್ ಯಾಕ್ ಹೋದಾತು? ನನ್ ಗಿಡ ನೀರ್ ಹುಡಿಕ್ಕಂಡು ಕೆಳಗ್ ಹೋಗವೆ. ಮೇಲ್ನಿಂದ ಚಳಿಗಾಲದ್ ಮಂಜು ಸಿಗ್ತದೆ, ಅಷ್ಟು ಸಾಕು. ಸಾಕಿ ಸಾಕಿ ಕೆಡ್ಸವ್ನೆ ಅಂತ ಹೇಳು ನಿಮ್ಮಪ್ಪುಂಗೆ."

ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಅವನ ಕಡೆ ತಿರುಗಿ, ಸಾಕಿ ಸಾಕಿ ಕೆಡಿಸಿದ್ದೀಯಂತೆ ಎಂದೆ. ಅವನು, ಕೇಳಿಸ್ತು ಎಂದ.

"ಈಗ ನಿಲ್ಲಿಸಿದರೆ ಒಣಗಿ ಹೋಗಲ್ವಾ ಅವ್ವ?" ಎಂದು ಕೇಳಿದೆ.

"ಒಂದೇ ಸಲ ನಿಲ್ಸಾದ್ ಬ್ಯಾಡ. ಎಲ್ಡ್ ದಿನುಕ್ ಒಂದ್ ಚೊಂಬು, ಆಮ್ಯಾಲೆ ಅದೂ ಬ್ಯಾಡ. ಮಕ್ಳಿಗ್ ಹಾಲ್ ಬಿಡ್ಸಲ್ವಾ, ಅಂಗೆ." ಇದನ್ನು ಮಾತ್ರ ಅವಳು ನೇರವಾಗಿ ಅಪ್ಪನಿಗೇ ಹೇಳಿದಳು. ರಾಜಿಯಾಯಿತು ಎಂದು ನನಗೆ ಗೊತ್ತಾಯಿತು. ಆ ದಿನದಿಂದ ಅಪ್ಪ ಚೊಂಬಿನಲ್ಲಿ ನೀರು ಕೊಟ್ಟು, ಮಧ್ಯಾಹ್ನದ ಹೊತ್ತು ಹೊಲದ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಕಾರ್ತಿಕ ಮುಗಿಯುವ ಹೊತ್ತಿಗೆ ಸಾಲು ಹೂ ಬಿಟ್ಟಿತು. ಅವ್ವ ಅಪ್ಪನ ಫೋನಿನಲ್ಲಿ ಫೋಟೋ ತೆಗೆಸಿ ಮನೆಯವರ ಗ್ರೂಪಿಗೆ ಹಾಕಿಸಿದಳು. ಹೂವಿಗಿಂತ ಅಪ್ಪನ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು. ನಾನು ಕೈಮುಗಿಯುವ ಚಿತ್ರ ಕಳಿಸಿದೆ. ತಂಗಿಯಿಂದ ಏನೂ ಬರಲಿಲ್ಲ.

ತಂಗಿಯನ್ನು ಕೊಟ್ಟಿರುವುದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗಕ್ಕೆ. ಗಂಡನಿಗೆ ಅಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಒಮ್ಮೆ ನಿಂತದ್ದು ಮೂರು ತಿಂಗಳಿಗೇ ಹೋಗಿಬಿಟ್ಟಿತ್ತು. ಆಮೇಲೆ ಅವಳ ಎದುರು ಯಾರೂ ಆ ಮಾತೇ ಎತ್ತುತ್ತಿರಲಿಲ್ಲ. ಈಗ ಮತ್ತೆ ಬಸುರಿ. ಸಂತೋಷಪಡಬೇಕೆಂದರೆ ಅವಳಿಗೆ ಏನೂ ಸೇರುತ್ತಿಲ್ಲ. ಎಲ್ಲ ಬಸುರಿಯರಿಗೂ ಇದ್ದದ್ದೇ ಎಂದು ಮೊದಲು ನಾವು ತಲೆಕೆಡಿಸಿಕೊಳ್ಳಲಿಲ್ಲ. ಅನ್ನ, ಮುದ್ದೆ, ಗಂಜಿ, ಎಳನೀರು, ಕೊನೆಗೆ ಬರೀ ನೀರು ಕೂಡ ಒಳಗೆ ನಿಲ್ಲದಾದಾಗ ಕುಣಿಗಲ್ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು.

ಅವಳ ಗಂಡ ರಿಪೋರ್ಟಿನ ಫೋಟೋ ನನಗೆ ಕಳಿಸಿದ. ಮೂತ್ರದಲ್ಲಿ ಕೀಟೋನ್ ಎಂಬ ಸಾಲಿನ ಮುಂದೆ ಇರಬಾರದಷ್ಟು ಪ್ಲಸ್ ಗುರುತುಗಳಿದ್ದವು. ದಿನಾ ಇಂಥವನ್ನು ಬೇರೆಯವರಿಗೆ ಟೈಪ್ ಮಾಡಿ ಕೊಡುವವಳು ನಾನು. ಹೊರಗಿನಿಂದ ಏನೂ ಸಿಗದೆ ಮೈ ತನ್ನನ್ನೇ ಸುಟ್ಟುಕೊಳ್ಳುತ್ತಿದೆ ಎಂದು ಅದರ ಅರ್ಥ. ಬೇರೆಯವರ ಹೆಸರಿದ್ದಾಗ ಅದು ಬರೀ ಅಕ್ಷರ, ತಂಗಿಯ ಹೆಸರಿದ್ದಾಗ ಅದೇ ಸಾಲನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದೆ.

ಆ ಸಂಜೆ ನಾವೆಲ್ಲ ವಿಡಿಯೋ ಕಾಲಿನಲ್ಲಿ ಸೇರಿದಾಗ ತಂಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಅವ್ವ, ನಮ್ಮ ಅವರೆಕಾಯಿ ಬಂದೈತಾ? ಹಿತುಕಿದ ಬೇಳೆ ಸಾರ್ ಇದ್ರೆ ಉಣ್ತೀನೇನೋ ಅನ್ನುಸ್ತದೆ."

ಬೀಜ ಹಾಳಾದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮೊದಲು ಆ ಮಾತೇ ಬಂದಿರಲಿಲ್ಲ, ಆಮೇಲೆ ಬಸುರಿಗೆ ಯಾಕೆ ಎಂದು ಯಾರೂ ಹೇಳಲಿಲ್ಲ. ಫೋನಿನ ಸಣ್ಣ ಚೌಕದಲ್ಲಿ ಅವ್ವನ ಮುಖ ನೋಡಿದೆ. ಕಾಯಿ ಹಾಲು ತುಂಬಿ ಬಲಿಯುತ್ತಿರುವ ಹೊತ್ತು. ಸಾರಿಗೆ ಹದವಾದದ್ದು ಈಗ. ಇನ್ನಷ್ಟು ದಿನ ಗಿಡದಲ್ಲೇ ಬಿಟ್ಟರೆ ಒಣಗಿ ಬೀಜ.

"ನೋಡಾನ ಕಣವ್ವ" ಎಂದಳು ಅವ್ವ. ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿದಳು. "ಬೀಜುಕ್ಕೆ ಬುಟ್ಟಿವ್ನಿ. ಏನ್ ಮಾಡ್ಲಿ ನೀನೇ ಹೇಳು. ಅಲ್ಲೇ ಮಾರ್ಕೆಟ್ನಲ್ಲಿ ನೋಡಿ ಒಳ್ಳೆದ್ ತಗಂಡು ಮಾಡ್ಕಂಡ್ ಹೋಗು. ನಮ್ದೇ ಅನ್ನು."

ನನಗೂ ಅದೇ ಸರಿ ಅನ್ನಿಸಿತು. ತುಮಕೂರು ಮಾರುಕಟ್ಟೆಯಲ್ಲಿ ಆ ದಿನಗಳಲ್ಲಿ ಅವರೆಕಾಯಿ ರಾಶಿ ರಾಶಿ. ಮೂಸಿ ಮೂಸಿ, ವ್ಯಾಪಾರದವನ ಕೈಲಿ ಬೈಸಿಕೊಂಡು ತಂದೆ. ಕಾಳು ಬಿಡಿಸಿ ನೆನೆಸಿ, ಕೆಳಗಿನ ಮನೆಯ, ನಾನು ಖಾಲಾ ಎಂದು ಕರೆಯುವ ಅಜ್ಜಿಯ ಜೊತೆ ಕೂತು ಹಿತುಕಿದೆ. ಅವರು ನಮ್ಮ ಮನೆಯ ಮಾಲೀಕರ ತಾಯಿ, ಮೊಮ್ಮಕ್ಕಳನ್ನು ಕಂಡವರು. "ಬಸುರಿಗೆ ಮೂಗೇ ಬಾಯಮ್ಮ" ಎಂದರು ಬೇಳೆ ಹಾರಿಸುತ್ತಾ. "ಹುಳಿ ಸ್ವಲ್ಪ ಮುಂದಾಗ್ಲಿ, ಗೊತ್ತಾಗಲ್ಲ." ತೆಂಗಿನಕಾಯಿ ರುಬ್ಬಿ, ಮಸಾಲೆ ಹಾಕಿ, ಹುಳಿ ಮುಂದು ಮಾಡಿ, ಡಬ್ಬಿಗೆ ತುಂಬಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ಆಸ್ಪತ್ರೆಯ ಮಂಚದಲ್ಲಿ ತಂಗಿ ಹಾಸಿಗೆಗೆ ಅಂಟಿಕೊಂಡ ಹಾಗಿದ್ದಳು. ಊರಿನದು ಎಂದು ಹೇಳಿ ಡಬ್ಬಿ ತೆರೆದೆ. ಮುಖ ಸ್ವಲ್ಪ ಅರಳಿತು. ಮೂಗಿನ ಹತ್ತಿರ ತಂದ ಕೂಡಲೇ ಮುಖ ತಿರುಗಿಸಿದಳು.

"ಅಕ್ಕ, ಇದು ನಮ್ದಲ್ಲ."

"ನಮ್ದೇ ಕಣೇ."

"ಸುಳ್ ಹೇಳ್ಬೇಡ ಬುಡು" ಎಂದಳು. ಬೈದದ್ದಲ್ಲ, ಬೈಯುವ ಶಕ್ತಿಯೇ ಅವಳಿಗಿರಲಿಲ್ಲ. ಬೇಸಿನ್ ಹಿಡಿದೆ. ಹಿಡಿದವಳು ಅವಳ ಬೆನ್ನು ಸವರುತ್ತಾ ಎಷ್ಟು ಮೂಳೆ ಕೈಗೆ ಸಿಗುತ್ತಿವೆ ಎಂದು ಅಳು ಬಂದು, ಕಿಟಕಿಯ ಕಡೆ ತಿರುಗಿ ನಿಂತೆ.

ಅಲ್ಲಿಂದ ಸೀದಾ ಊರಿಗೆ ಹೋದೆ. ಮಾರನೆಯ ದಿನ ಬೆಳಿಗ್ಗೆ ಅವ್ವ ತೋಟದಲ್ಲಿ ತೆಂಗಿನ ಬುಡಕ್ಕೆ ಮಟ್ಟೆ ಹೂಳುತ್ತಿದ್ದಳು. ಬರ ಬಂದಾಗ ನಮ್ಮ ಕಡೆ ಸುಲಿದ ಕಾಯಿಯ ಮಟ್ಟೆಗಳನ್ನು ಬುಡದ ಸುತ್ತ ಗುಂಡಿ ತೋಡಿ ಹೂಳುತ್ತೇವೆ. ಅವು ಸಿಕ್ಕ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ನಾನೂ ಒಂದೊಂದಾಗಿ ಮಟ್ಟೆ ಕೊಡುತ್ತಾ, ಆಸ್ಪತ್ರೆಯಲ್ಲಿ ನಡೆದದ್ದು ಹೇಳಿದೆ. ಹೇಳುತ್ತಿರುವಾಗಲೇ ಮೇಲಿನಿಂದ ಟಪ್ ಎಂದು ಒಂದು ಹರಳು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹರಳು ಎಂದರೆ ಹೊಂಬಾಳೆಯಲ್ಲಿ ಆಗತಾನೇ ಕಟ್ಟಿದ ಪುಟ್ಟ ಕಾಯಿ. ನೀರು ಸಾಲದಿದ್ದರೆ ಮರ ಅವನ್ನು ತಾನೇ ಉದುರಿಸುತ್ತದೆ. ನೆಲದ ಮೇಲೆಲ್ಲ ಬಿದ್ದಿದ್ದವು, ಕಾಲಿಟ್ಟಲ್ಲಿ ಜಾರುವಷ್ಟು.

ಅವ್ವ ಒಂದನ್ನು ಕೈಗೆತ್ತಿಕೊಂಡಳು. "ತೆಂಗು ಬುದ್ವಂತ ಮರ. ಕಷ್ಟ ಬಂದ್ರೆ ಮಕ್ಳನ್ ಉದುರ್ಸಿ ತಾನ್ ಉಳ್ಕಂತದೆ, ಮುಂದುಲ್ ವರ್ಷ ನೋಡ್ಕಳಾನ ಅಂತ. ಅವರೆಗೆ ಮುಂದುಲ್ ವರ್ಷ ಇಲ್ಲ ನೋಡು. ಅದು ಎಲೆ ಉದುರ್ಸಿ, ತಾನ್ ಒಣಗಿ, ಕಾಯ್ ತುಂಬ್ತದೆ."

ಮತ್ತೆ ಒಂದು ಬಿತ್ತು. ಅವ್ವ ಬೆಚ್ಚಿ ಮೇಲೆ ನೋಡಿದಳು. ಅವಳಿಗೆ ಏನು ನೆನಪಾಯಿತೆಂದು ನನಗೆ ಗೊತ್ತಾಯಿತು, ನನಗೂ ಅದೇ ನೆನಪಾಗಿತ್ತು. ತಂಗಿಗೆ ಈಗಲೂ ಮೂರನೇ ತಿಂಗಳೇ.

ಅವ್ವ ಕೈಗಂಟಿದ ಮಣ್ಣು ಕೊಡವಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡು ಬೇಲಿ ದಾಟಿದಳು. ನಾನು, ಅಪ್ಪ ಹಿಂದೆ ಹೋದೆವು. ಗಿಡಗಳ ಮೇಲೆ ಇನ್ನೂ ಮಂಜಿತ್ತು. ಕೆಳಗಿನ ಎಲೆಗಳೆಲ್ಲ ಹಳದಿಯಾಗಿ ಉದುರಿದ್ದವು, ತುದಿಯ ಗೊಂಚಲುಗಳಲ್ಲಿ ಮಾತ್ರ ಕಾಯಿ ಗಟ್ಟಿಯಾಗಿ ತುಂಬಿದ್ದವು. ಅವ್ವ ತನ್ನ ತುದಿಯಿಂದ ಶುರು ಮಾಡಿದಳು. ಎಡಗೈಯಲ್ಲಿ ಗೊಂಚಲು ಹಿಡಿದು, ಬಲಗೈಯಲ್ಲಿ ಒಂದೊಂದೇ ಕಾಯಿ, ಗಿಡ ಅಲುಗದ ಹಾಗೆ ಕೀಳುತ್ತಿದ್ದಳು.

ಸಾಲಿನ ಕೊನೆ ಬಂತು. ಅಲ್ಲಿ ಅಪ್ಪನ ಸೊಂಪು ಗಿಡಗಳು. ಅವುಗಳಲ್ಲಿ ಎಲೆಯೇ ಹೆಚ್ಚು, ಕಾಯಿ ಇದ್ದದ್ದು ಅಷ್ಟಕ್ಕಷ್ಟೇ. ಅಪ್ಪ ಮುಂದೆ ಬಂದು ಅಡ್ಡ ನಿಂತ. "ಇವಿಷ್ಟು ಇರ್ಲಿ. ಒಂದ್ ಹಿಡಿ ಬೀಜುಕ್ಕಾರ ಆಯ್ತದೆ."

ಜೀವಮಾನವೆಲ್ಲ ಗಟ್ಟಿಯವಳೆಂದು ಹೆಸರಾದವಳು ಅವ್ವ, ಮೆತ್ತಗಿನವನು ಅಪ್ಪ. ಆ ದಿನ ಬೀಜ ಉಳಿಸು ಎಂದು ಗೋಗರೆದವನು ಅವನು. ಅವ್ವ ಮಡಿಲನ್ನು ತೆರೆದು ತೋರಿಸಿದಳು. ಒಂದು ಪಾತ್ರೆ ಸಾರಿಗೂ ಸಾಲದಷ್ಟು ಕಾಯಿ.

"ಬಸರಿ ಬಾಯ್ಬುಟ್ ಕೇಳವ್ಳೆ. ಎತ್ತಿಟ್ಕಂಡು ಮಿಕ್ಕಿದ್ ಕೊಡ್ಬಾರ್ದು. ಅಂಗ್ ಕೊಟ್ರೆ ಬಯಕೆ ತೀರಲ್ಲ" ಎಂದಳು. "ಪಕ್ಕುಕ್ ಬಾ."

ನಮ್ಮ ಕಡೆ ಇದು ಕಟ್ಟುನಿಟ್ಟು. ಬಸುರಿ ಕೇಳಿದ್ದನ್ನು ಕೊಡುವುದಾದರೆ ಇದ್ದಷ್ಟನ್ನೂ ಕೊಡಬೇಕು, ಕೊಡುವ ಕೈ ಹಿಂದೆ ಏನನ್ನೂ ಬಚ್ಚಿಡಬಾರದು. ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೂ ಆ ಹೊತ್ತಿನಲ್ಲಿ ನಾನೇ ಅಪ್ಪನ ತೋಳು ಹಿಡಿದೆ. ಅಪ್ಪ ಪಕ್ಕಕ್ಕೆ ಸರಿದ. ಅವ್ವ ಆ ಗಿಡಗಳನ್ನೂ ಬಿಡದೆ ಕಿತ್ತಳು. ಕೊನೆಯ ಗಿಡ ಮುಗಿದಾಗ ಸಾಲಿನ ಕಡೆ ತಿರುಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳ ಕಣ್ಣು ತುಂಬಿದ್ದವು. ಅಪ್ಪ ಅದನ್ನು ನೋಡಲಾರದೆ ಟಿವಿಎಸ್ ತರಲು ಮನೆ ಕಡೆ ಹೋದ.

ಅಪ್ಪನೂ ನಮ್ಮ ಜೊತೆ ಹೊರಟ. ಬಸ್ಸಿನಲ್ಲಿ ಅವ್ವ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಕುಣಿಗಲ್ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಂದವನು ನಮ್ಮ ಸೀಟಿನ ಹತ್ತಿರ ನಿಂತು ಗಾಳಿ ಮೂಸಿದ. "ಏನಮ್ಮ ಸೊಗಡು ಇಂಗೆ ಹೊಡಿತಾ ಐತೆ! ಎಲ್ಲಿ ಸಿಕ್ತು ಕಾಯಿ?"

"ಸಿಗಲ್ಲ ಕಣಪ್ಪ ಇದು" ಎಂದಳು ಅವ್ವ.

ತಂಗಿಯನ್ನು ಅಷ್ಟರಲ್ಲಿ ಆಸ್ಪತ್ರೆಯಿಂದ ಹುಲಿಯೂರುದುರ್ಗದ ಮನೆಗೆ ಕರೆತಂದಿದ್ದರು. ಮತ್ತೆ ಹೀಗೇ ಆದರೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವ್ವ ಅವಳ ತಲೆ ಸವರಿ, ಅಡುಗೆ ಮನೆಗೆ ಹೋಗಿ ಕೂತಳು. ಬೀಗಿತ್ತಿಗೂ ಕೆಲಸ ಬಿಟ್ಟುಕೊಡಲಿಲ್ಲ. ನಾವು ಬಿಡಿಸಿಕೊಟ್ಟ ಕಾಳನ್ನು ನೆನೆಸಿ, ತಾನೇ ಹಿತುಕಿದಳು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಲಿ, ಬೇಳೆ ಪಾತ್ರೆಯಲ್ಲಿ. ಪ್ರತಿ ಸಲ ಒತ್ತುವಾಗಲೂ ಒಂದು ಬೀಜ ಹೋಯಿತು ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹಿತುಕಿದ ಮೇಲೆ ಅದು ಬೇಳೆ, ಇನ್ನು ಯಾವ ಮಣ್ಣಿಗೆ ಹಾಕಿದರೂ ಹುಟ್ಟುವುದಿಲ್ಲ. ಅವ್ವನ ಮುಖದಲ್ಲಿ ಮಾತ್ರ ಅಂಥದ್ದೇನೂ ಕಾಣಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳುತ್ತಾ, ಬೀಗಿತ್ತಿಯ ಒಗ್ಗರಣೆ ಸೌಟನ್ನು ಹಳಿಯುತ್ತಾ, ಎಂದಿನ ಹಾಗೇ ಇದ್ದಳು.

ಸಾರು ಕುದಿ ಬಂದಾಗ ನಡುಮನೆಯಿಂದ ತಂಗಿಯ ದನಿ ಕೇಳಿತು. "ಅವ್ವ, ಬಂತು ವಾಸ್ನೆ."

ಅವಳು ತಾನಾಗಿಯೇ ಎದ್ದು, ಗೋಡೆ ಹಿಡಿದುಕೊಂಡು ಅಡುಗೆ ಮನೆಯ ಹೊಸ್ತಿಲಿಗೆ ಬಂದು ಕೂತಳು. ಸಿಪ್ಪೆಯ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಮೂಸಿದಳು. ಅವ್ವ ನಿಂಬೆಹಣ್ಣಿನಷ್ಟು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ತಂಗಿ ನುಂಗಿದಳು. ಇನ್ನೊಂದು ತುತ್ತು. ಇನ್ನೊಂದು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಅಪ್ಪ ಹೊರಗೆ ಕಾಂಪೌಂಡಿನ ಹತ್ತಿರ ಫೋನನ್ನು ಕಿವಿಗಿಟ್ಟುಕೊಂಡು ಓಡಾಡುತ್ತಿದ್ದ. ಆ ಕಡೆ ಯಾರೂ ಇರಲಿಲ್ಲ. ಒಳಗಿನಿಂದ ವಾಂತಿಯ ಸದ್ದು ಬರುತ್ತದೋ ಎಂದು ಕೇಳಿಸಿಕೊಳ್ಳುತ್ತಿದ್ದ ಅಷ್ಟೇ.

ಸದ್ದು ಬರಲಿಲ್ಲ. ತಂಗಿ ಬಟ್ಟಲನ್ನು ಎತ್ತಿ ಉಳಿದ ಸಾರನ್ನು ಕುಡಿದಳು. "ಇನ್ನೊಂಚೂರ್ ಹಾಕವ್ವ" ಎಂದಳು. ಅವ್ವ ಪಾತ್ರೆಯನ್ನೇ ಅವಳ ಮುಂದಿಟ್ಟಳು.

ಆ ಮಧ್ಯಾಹ್ನ ತಂಗಿ ನಿದ್ದೆ ಮಾಡಿದಳು. ಸಂಜೆ ಕಾಫಿ ಕೇಳಿದಳು. ಡ್ರಿಪ್ಪಿನಿಂದ ಆಯಿತೋ, ಮೂರು ತಿಂಗಳು ತುಂಬಿದ್ದರಿಂದ ಆಯಿತೋ, ಅವರೆಯಿಂದ ಆಯಿತೋ ಎಂದು ನನ್ನನ್ನು ಕೇಳಿದರೆ ಲ್ಯಾಬಿನ ಬುದ್ಧಿ ಮೊದಲ ಎರಡನ್ನೇ ಹೇಳುತ್ತದೆ. ಆದರೆ ಅವಳು ಉಣ್ಣಲು ಶುರು ಮಾಡಿದ್ದು ಆ ಹೊಸ್ತಿಲಲ್ಲಿ, ಆ ಸಾರಿನಿಂದ. ಅದನ್ನು ಕಣ್ಣಾರೆ ನೋಡಿದ್ದೇನೆ. ವಾಪಸ್ ಬರುವಾಗ ಬಸ್ಸಿನಲ್ಲಿ, ತಂಗಿಗೆ ಬೀಜದ ವಿಷಯ ಹೇಳಬೇಕಿತ್ತೇನೋ ಎಂದೆ. ಅವ್ವ ನನ್ನನ್ನು ಗದರಿದಳು. "ಉಂಡೋಳ್ಗೆ ಲೆಕ್ಕ ಒಪ್ಪುಸ್ತಾರೇನೆ? ಬಾಯ್ಮುಚ್ಕಂಡಿರು."

ಕಾಯಿ ಕಿತ್ತ ಮೇಲೆ ಆ ಸಾಲು ತುದಿಗಳಲ್ಲಿ ಮತ್ತೆ ನಾಲ್ಕು ಹೂ ಬಿಟ್ಟಿತು. ಅವ್ವ ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದಳಂತೆ. ಈ ಸಲ ಅಪ್ಪ ಚೊಂಬು ತಂದರೆ ಬೇಡ ಎನ್ನಲಿಲ್ಲವಂತೆ. ಆದರೆ ಅಷ್ಟರಲ್ಲಿ ಮಂಜು ಬೀಳುವುದು ನಿಂತಿತ್ತು, ಬಿಸಿಲು ಏರಿತ್ತು. ನೆಲದಾಳದಲ್ಲೂ ಇನ್ನು ಪಸೆ ಇರಲಿಲ್ಲ. ಹೂವು ಕಾಯಾಗದೆ ಉದುರಿದವು. ಗಿಡಗಳು ಒಣಗಿ ಕಡ್ಡಿಯಾದ ಮೇಲೆ ಅವ್ವ ಪಕ್ಕದ ಮನೆಯವರ ಮೇಕೆಗಳನ್ನು ಒಳಗೆ ಬಿಡಿಸಿದಳು. ಮಡಕೆಯನ್ನು ತೊಳೆದು ಬೋರಲು ಹಾಕಿದಳು. ಅದನ್ನು ನನಗೆ ಫೋನಿನಲ್ಲಿ ಹೇಳಿದವನು ಅಪ್ಪ. ಅವ್ವ ಆ ದಿನ ಯಾರ ಮೂಲಕವೂ ಏನೂ ಹೇಳಿಸಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ತಂಗಿಗೆ ಹೆಣ್ಣು ಮಗುವಾಯಿತು. ಆ ವರ್ಷ ಮಳೆ ಪರವಾಗಿಲ್ಲ. ಅವ್ವ ಅಂಗಡಿಯಿಂದ ತಂದ ಅವರೆ ಬೀಜವನ್ನೇ ಮಡಿಲಲ್ಲಿ ಕಟ್ಟಿಕೊಂಡು ಟ್ರ್ಯಾಕ್ಟರಿನ ಹಿಂದೆ ನಡೆದಳು. ಡ್ರೈವರನ್ನು ಎಂದಿನ ಹಾಗೇ ಬೈದಳು.

ಸಂಕ್ರಾಂತಿಗೆ ತಂಗಿ ಮಗುವನ್ನು ಕರೆದುಕೊಂಡು ಬಂದಳು. ನಾನೂ ಹೋಗಿದ್ದೆ. ರಾಗಿ ಕುಯ್ದಾಗಿತ್ತು, ಹೊಲದಲ್ಲಿ ಅವರೆ ಸಾಲುಗಳು ನಿಂತಿದ್ದವು, ಕಾಯಿ ತುಂಬಾ ಬಿಟ್ಟಿತ್ತು. ಮಗುವನ್ನು ಬದುವಿನ ಮರದ ನೆರಳಲ್ಲಿ ಚಾಪೆ ಹಾಸಿ ಕೂರಿಸಿ ನಾವು ಮೂವರೂ ಕಾಯಿ ಬಿಡಿಸಲು ಇಳಿದೆವು. ತಂಗಿ ಒಂದು ಕಾಯಿ ಕಿತ್ತು ಸಿಪ್ಪೆ ಸೀಳಿ ಬೆರಳು ಮೂಸಿದಳು. ಇನ್ನೊಂದು ಕಿತ್ತಳು, ಮೂಸಿದಳು. ಮುಂದಿನ ಸಾಲಿಗೆ ಹೋಗಿ ಅಲ್ಲೂ ನೋಡಿದಳು.

"ಅವ್ವ, ಇದು ನಮ್ದಲ್ವಲ್ಲ" ಎಂದಳು. "ನಮ್ಮಜ್ಜಿ ಬೀಜ ಎಲ್ಲೋಯ್ತು?"

ನಾನು ತಲೆ ತಗ್ಗಿಸಿ ಕಾಯಿ ಕೀಳುತ್ತಿದ್ದೆ. ಅವ್ವ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತು, ಬದುವಿನ ಕಡೆ ಗದ್ದ ತೋರಿಸಿದಳು. ಮಗು ಚಾಪೆಯಿಂದ ಆಚೆ ಬಾಗಿ, ಕೆಂಪು ಮಣ್ಣನ್ನು ಬಾಯಿಗೆ ತುಂಬಿಕೊಳ್ಳುತ್ತಿತ್ತು.

"ಅಗಾ, ಅಲ್ ಕುಂತದಲ್ಲ, ಮಣ್ ತಿನ್ತಾ."

ತಂಗಿ ನಕ್ಕಳು. ನಗುತ್ತಾ ನಗುತ್ತಾ ನನ್ನ ಮುಖ ನೋಡಿದವಳು ನಿಲ್ಲಿಸಿದಳು. ಕೈಲಿದ್ದ ಕಾಯಿ ಹಾಗೇ ಬಿತ್ತು. ಓಡಿಹೋಗಿ ಮಗುವಿನ ಮುಂದೆ ಕುಕ್ಕರಿಸಿ, ಬಾಯೊಳಗೆ ಬೆರಳು ಹಾಕಿ ಮಣ್ಣು ತೆಗೆದಳು. ತೆಗೆದಾದ ಮೇಲೂ ಮಗುವಿನ ಹೊಟ್ಟೆಗೆ ಮುಖ ಒತ್ತಿಕೊಂಡು ಅಲ್ಲೇ ಇದ್ದಳು, ಅವಳ ಭುಜ ಅಲುಗುತ್ತಿತ್ತು. ಅವ್ವ ಮತ್ತೆ ಸಾಲಿಗೆ ಬಗ್ಗಿದಳು.

"ಎತ್ಕಳೇ ಅದನ್ನ" ಎಂದಳು. "ಬಿಸ್ಲು ಬತ್ತಾ ಐತೆ."